ಒಂದೇ ದಿಕ್ಕಿಗೆ ಬಾಗಬೇಕಾದ ಬೂಟು

ಬೈಕ್ ಪಕ್ಕಕ್ಕೆ ಉರುಳಿದಾಗ ತನ್ನ ಭಾರವನ್ನು ನೆಲಕ್ಕೆ ಊರುವ ಜಾಗಗಳು ಮುಖ್ಯವಾಗಿ ಮೂರು: ಹ್ಯಾಂಡಲ್‌ನ ತುದಿ, ಫುಟ್‌ರೆಸ್ಟ್, ಎಂಜಿನ್ನಿನ ಬದಿ ಅಥವಾ ಅದಕ್ಕೆ ಕಟ್ಟಿದ ಲೆಗ್ ಗಾರ್ಡ್. ಸವಾರನ ಪಾದ ಇರುವುದು ಇವುಗಳಲ್ಲಿ ಎರಡರ ಪಕ್ಕದಲ್ಲೇ. ಕೈಯನ್ನು ಹ್ಯಾಂಡಲ್‌ನಿಂದ ಬಿಡಿಸಿಕೊಳ್ಳಬಹುದು, ಮೈಯನ್ನು ಆಚೆಗೆ ಎಸೆದುಕೊಳ್ಳಬಹುದು, ಕಾಲು ಮಾತ್ರ ಎಷ್ಟೋ ಸಲ ಬೈಕಿನ ಕೆಳಗೇ ಉಳಿದುಬಿಡುತ್ತದೆ. ಇದಕ್ಕೆ ವೇಗವೂ ಬೇಕಿಲ್ಲ. ನಿಂತಲ್ಲೇ ಆಯ ತಪ್ಪಿ ವಾಲಿದ ಬೈಕ್ ಕೂಡ ಪಾದದ ಮೂಳೆ ಮುರಿಯಬಲ್ಲದು.

ಆದರೂ ಸವಾರಿಯ ಸಾಮಾನು ಕೊಳ್ಳುವಾಗ ಬೂಟಿನ ಸರದಿ ಕೊನೆಗೆ ಬರುತ್ತದೆ. ಹೆಲ್ಮೆಟ್, ಜಾಕೆಟ್, ಗ್ಲೌಸ್ ಎಲ್ಲ ಆದ ಮೇಲೆ ಉಳಿದ ದುಡ್ಡಿನಲ್ಲಿ ಗಟ್ಟಿಮುಟ್ಟಾಗಿ ಕಾಣುವ ಒಂದು ಜೋಡಿ. ಚರ್ಮ ದಪ್ಪಗಿದೆಯೇ ಎಂದು ಎರಡು ಬೆರಳಲ್ಲಿ ಹಿಸುಕಿ ನೋಡುತ್ತೇವೆ, ತೂಕ ನೋಡುತ್ತೇವೆ, ಕೊಂಡುಬಿಡುತ್ತೇವೆ. ದಪ್ಪ ಚರ್ಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕಾಯುವುದು ಬೀಳುವಾಗ ಪಾದಕ್ಕೆ ಆಗುವ ನಾಲ್ಕು ಬಗೆಯ ಪೆಟ್ಟುಗಳಲ್ಲಿ ಒಂದನ್ನು ಮಾತ್ರ.

ಆ ನಾಲ್ಕು ಯಾವುವೆಂದರೆ ಉಜ್ಜು, ಬಡಿತ, ಜಜ್ಜು, ತಿರುಚು. ಡಾಂಬರಿನ ಮೇಲೆ ಜಾರುವಾಗ ಉಜ್ಜು. ಕಲ್ಲಿಗೋ ರಸ್ತೆಯ ಅಂಚಿಗೋ ಇನ್ನೊಂದು ಗಾಡಿಯ ಬಂಪರಿಗೋ ತಾಗಿದಾಗ ಬಡಿತ. ಬೈಕಿಗೂ ನೆಲಕ್ಕೂ ನಡುವೆ ಸಿಕ್ಕಿದಾಗ ಜಜ್ಜು. ಪಾದ ಒಂದು ಕಡೆ ಸಿಕ್ಕಿಕೊಂಡು ಮೈ ಇನ್ನೊಂದು ಕಡೆ ಹೊರಳಿದಾಗ ತಿರುಚು. ಚರ್ಮದ ಗಾಯ ಮಾಯುತ್ತದೆ. ವರ್ಷಗಟ್ಟಲೆ ಕುಂಟಿಸುವುದು ಬಹುಪಾಲು ಕೊನೆಯ ಎರಡು. ಬೂಟು ಆರಿಸುವಾಗ ನಾವು ಅತಿ ಕಡಿಮೆ ಪರೀಕ್ಷೆ ಮಾಡುವುದೂ ಈ ಎರಡನ್ನೇ.

ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಪಾದವನ್ನೇ ಒಮ್ಮೆ ನೋಡಬೇಕು. ಒಂದೊಂದು ಪಾದದಲ್ಲಿ 26 ಮೂಳೆಗಳಿವೆ, ಬಹಳಷ್ಟು ಸಣ್ಣವು, ಒಂದಕ್ಕೊಂದು ಹಗ್ಗದಂಥ ಕಟ್ಟುಗಳಿಂದ ಬಿಗಿದುಕೊಂಡಿರುವಂಥವು. ಪಾದದ ಗಂಟಿನ ಎರಡೂ ಬದಿ ಕೈಗೆ ಸಿಗುವ ಉಬ್ಬುಗಳು ಕಾಲಿನ ಎರಡು ಉದ್ದ ಮೂಳೆಗಳ ಕೆಳತುದಿಗಳು. ಅವುಗಳ ಮೇಲೆ ಮಾಂಸವೇ ಇಲ್ಲ, ತೆಳು ಚರ್ಮ ಮಾತ್ರ. ಮುಟ್ಟಿ ನೋಡಿದರೆ ಮೂಳೆಯೇ ಕೈಗೆ ಬರುತ್ತದೆ. ಈ ಗಂಟು ಮುಖ್ಯವಾಗಿ ಬಾಗಿಲ ತಿರುಗಣಿಯ ಹಾಗೆ ಮೇಲೆ ಕೆಳಗೆ ಆಡುತ್ತದೆ. ಪಕ್ಕಕ್ಕೆ ಅದರ ಆಟ ಕಡಿಮೆ, ಬಲವಂತವಾಗಿ ಆಡಿಸಿದರೆ ಕಟ್ಟು ಹರಿಯುತ್ತದೆ, ಇನ್ನೂ ಒತ್ತಿದರೆ ಮೂಳೆ ಸೀಳುತ್ತದೆ.

ಇದೇ ಪಾದಕ್ಕೆ ಸವಾರಿಯಲ್ಲಿ ಬಿಡುವಿಲ್ಲದ ಕೆಲಸ. ಎಡಗಾಲು ಗೇರ್ ಎತ್ತಬೇಕು, ಒತ್ತಬೇಕು. ಬಲಗಾಲು ಹಿಂದಿನ ಬ್ರೇಕನ್ನು ಹದವಾಗಿ ಒತ್ತಬೇಕು. ನಿಂತಾಗ ಎರಡೂ ಭಾರ ಹೊರಬೇಕು. ಹಾಗಾಗಿ ಪೂರ್ತಿ ಬಿಗಿದ ಪೆಟ್ಟಿಗೆಯಂಥ ಬೂಟು ಪ್ರಯೋಜನವಿಲ್ಲ, ಪೂರ್ತಿ ಮೆತ್ತಗಿನದೂ ಪ್ರಯೋಜನವಿಲ್ಲ. ಪಾದದ ಗಂಟು ಮುಂದಕ್ಕೆ ಹಿಂದಕ್ಕೆ ಆಡಲು ಬಿಡಬೇಕು, ಬೆರಳುಗಳ ಬುಡದಲ್ಲಿ ಸ್ವಲ್ಪ ಮಡಚಬೇಕು, ಉಳಿದ ಯಾವ ದಿಕ್ಕಿಗೂ ಬಗ್ಗಬಾರದು. ಒಳ್ಳೆಯ ಸವಾರಿ ಬೂಟು ಅಂದರೆ ಇಷ್ಟೇ. ಬಕಲ್, ಬಣ್ಣ, ಹೆಸರು ಎಲ್ಲ ಇದರ ನಂತರ.

ಇದನ್ನು ಅಂಗಡಿಯಲ್ಲಿ ನಿಂತೇ ಕೈಯಲ್ಲಿ ಪರೀಕ್ಷಿಸಬಹುದು. ಮೊದಲು ಬೂಟನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕೈ ಹಿಮ್ಮಡಿಗೆ, ಒಂದು ಕೈ ಬೆರಳ ತುದಿಗೆ ಕೊಟ್ಟು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿ. ಸೋಲ್ ಸುಲಭವಾಗಿ ಸುರುಳಿಯಾಯಿತೆಂದರೆ ಕೆಳಗಿಡಿ. ಓಡುವ ಶೂಗಳು ಹೀಗೇ ಸುರುಳಿಯಾಗುತ್ತವೆ, ಅವುಗಳನ್ನು ಮಾಡಿರುವುದೇ ಹಾಗೆ. ಸವಾರಿ ಬೂಟಿನ ಸೋಲ್ ಒಳಗೆ ಹಿಮ್ಮಡಿಯಿಂದ ಪಾದದ ನಡುವಿನವರೆಗೆ ಉಕ್ಕಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಒಂದು ಪಟ್ಟಿ ಇರುತ್ತದೆ, ಅದನ್ನು ಶ್ಯಾಂಕ್ ಎನ್ನುತ್ತಾರೆ. ತಿರುಚನ್ನು ತಡೆಯುವುದು ಬಹುಪಾಲು ಅದೇ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತಾಗ ಅಂಗಾಲಿಗೆ ಕಂಬಿ ಒತ್ತಿದ ಹಾಗಾಗದಂತೆ ನೋಡಿಕೊಳ್ಳುವುದೂ ಅದೇ.

ಆಮೇಲೆ ಸೋಲನ್ನು ಉದ್ದಕ್ಕೆ ಮಡಚಿ ನೋಡಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಮಾತ್ರ ಮಡಚಬೇಕು. ನಟ್ಟನಡುವೆ ಮಡಚಿದರೆ ಶ್ಯಾಂಕ್ ಇಲ್ಲ, ಅಥವಾ ಇದ್ದರೂ ಹೆಸರಿಗೆ. ಮೂರನೆಯದು ಜನ ಮರೆಯುವ ಪರೀಕ್ಷೆ: ಸೋಲಿನ ಅತಿ ಅಗಲದ ಜಾಗದಲ್ಲಿ ಎರಡೂ ಬದಿಯಿಂದ ಅಂಗೈ ಕೊಟ್ಟು ಬಲವಾಗಿ ಅದುಮಿ. ಬೈಕ್ ಪಾದದ ಮೇಲೆ ಮಲಗಿದಾಗ ಬೀಳುವ ಭಾರ ಈ ದಿಕ್ಕಿನದು. ಇಲ್ಲಿ ಸೋಲ್ ದೋಣಿಯ ಹಾಗೆ ಬಾಗಿ ಅಂಚುಗಳು ಹತ್ತಿರ ಬಂದರೆ ಒಳಗಿನ ಪಾದವೂ ಹಾಗೇ ಬಾಗುತ್ತದೆ. ಕೈಯ ಬಲಕ್ಕೆ ಒಳ್ಳೆಯ ಬೂಟು ಹೆಚ್ಚುಕಡಿಮೆ ಅಲ್ಲಾಡುವುದೇ ಇಲ್ಲ.

ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಲ್ಲಿ ಒತ್ತಿ. ಅಲ್ಲಿ ಗಟ್ಟಿ ಬಟ್ಟಲೊಂದು ಇರಬೇಕು, ಒತ್ತಿದರೆ ಕುಗ್ಗಬಾರದು. ಬೆರಳ ಮುಂಭಾಗವನ್ನೂ ಹಾಗೇ ಒತ್ತಿ. ಇನ್ನು ಪಾದದ ಗಂಟಿನ ಬಟ್ಟಲು. ಇದರಲ್ಲಿ ಮೋಸ ಹೋಗುವವರು ಜಾಸ್ತಿ. ಹೊರಗಿನಿಂದ ವೃತ್ತಾಕಾರದ ಹೊಲಿಗೆಯೋ ಉಬ್ಬಿದ ಚರ್ಮದ ಬಿಲ್ಲೆಯೋ ಕಂಡರೆ ಒಳಗೆ ರಕ್ಷಣೆ ಇದೆ ಎಂದು ಅರ್ಥವಲ್ಲ, ಎಷ್ಟೋ ಸಲ ಬರೀ ಸ್ಪಂಜು ಇರುತ್ತದೆ. ಒಳಗೆ ಬೆರಳು ಇಳಿಸಿ, ಹೊರಗಿನಿಂದ ಹೆಬ್ಬೆರಳು ಕೊಟ್ಟು, ನಡುವೆ ಗಟ್ಟಿ ಚಿಪ್ಪು ಇದೆಯೇ ನೋಡಿ. ಎರಡೂ ಬದಿ ಇರಬೇಕು. ಒಳಬದಿಯ ಉಬ್ಬು ಬೈಕಿನ ಕಡೆಗಿರುವುದರಿಂದ ಅದಕ್ಕೆ ಬೇಡ ಅನ್ನಿಸಬಹುದು, ಆದರೆ ಪಾದ ಸಿಕ್ಕಿಕೊಂಡಾಗ ಎಂಜಿನ್ನಿನ ಲೋಹಕ್ಕೆ ಬಡಿಯುವುದು ಆ ಉಬ್ಬೇ.

ಈ ಬಟ್ಟಲು ಇದ್ದರೆ ಸಾಲದು, ನಿಮ್ಮ ಮೂಳೆಯ ಮೇಲೆ ಬಂದು ಕೂರಬೇಕು. ಬೂಟು ಹಾಕಿಕೊಂಡು, ಬಕಲ್ ಬಿಗಿದು, ಹೊರಗಿನಿಂದ ಒತ್ತಿ ನೋಡಿ. ಉಬ್ಬು ಬಟ್ಟಲಿನ ನಡುವೆ ಇದ್ದರೆ ಒತ್ತಿದ್ದು ಗೊತ್ತೇ ಆಗುವುದಿಲ್ಲ. ಬಟ್ಟಲಿನ ಅಂಚು ಉಬ್ಬಿನ ಮೇಲೆ ಬಂದಿದ್ದರೆ ತಕ್ಷಣ ನೋಯುತ್ತದೆ, ಬಿದ್ದಾಗ ಆ ಅಂಚೇ ಉಳಿಯಾಗುತ್ತದೆ. ಒಂದೇ ಅಳತೆಯ ಪಾದಗಳಲ್ಲೂ ಈ ಉಬ್ಬಿನ ಎತ್ತರ ಬೇರೆ ಬೇರೆ. ಹೊರಬದಿಯ ಉಬ್ಬು ಒಳಬದಿಯದಕ್ಕಿಂತ ಸ್ವಲ್ಪ ಕೆಳಗಿರುತ್ತದೆ. ಅಂತರ ಸಣ್ಣದಿದ್ದರೆ ಒಳಗೆ 3ರಿಂದ 5 ಮಿ.ಮೀ. ದಪ್ಪದ ಇನ್‌ಸೋಲ್ ಹಾಕಿ ಪಾದವನ್ನು ಎತ್ತರಿಸಬಹುದು. ಅಷ್ಟಕ್ಕೂ ಸರಿಹೋಗದಿದ್ದರೆ ಬೇರೆ ಮಾದರಿ ನೋಡುವುದೇ ಸರಿ.

ಕೊನೆಯ ಕೈಪರೀಕ್ಷೆಗೆ ಜೊತೆಗೊಬ್ಬರು ಬೇಕು. ಬೂಟನ್ನು ಪೂರ್ತಿ ಬಿಗಿದುಕೊಂಡು ಕುರ್ಚಿಯಲ್ಲಿ ಕುಳಿತು, ಹಿಮ್ಮಡಿ ಹಿಡಿದು ಎಳೆಯಲು ಅವರಿಗೆ ಹೇಳಿ. ಜೋರಾಗಿಯೇ ಎಳೆಯಲಿ. ಬೂಟು ಕಳಚಿ ಬಂದರೆ ರಸ್ತೆಯಲ್ಲೂ ಕಳಚಿ ಬರುತ್ತದೆ. ಕಾಲಿನಲ್ಲಿ ಉಳಿಯದ ಬೂಟಿನಲ್ಲಿ ಎಷ್ಟು ರಕ್ಷಣೆ ಇದ್ದರೂ ಅದು ಮಾರು ದೂರ ಬಿದ್ದಿರುತ್ತದೆ, ಪಾದ ಬರಿದಾಗಿರುತ್ತದೆ. ಬಿಗಿಯುವ ಕೆಲಸಕ್ಕೆ ಜಿಪ್ ಒಂದೇ ಇರುವ ಬೂಟಿಗಿಂತ, ಗಂಟಿನ ಮೇಲ್ಗಡೆ ಅಡ್ಡ ಪಟ್ಟಿಯೋ ಬಕಲ್ಲೋ ಇರುವುದು ಮೇಲು ಎನ್ನುವುದು ಇದೇ ಕಾರಣಕ್ಕೆ. ಜಿಪ್ ಇರುವುದಾದರೆ ಒಳಬದಿಯಲ್ಲಿರಲಿ, ಮೇಲೆ ವೆಲ್ಕ್ರೋ ಮುಚ್ಚಳವಿರಲಿ. ಹೊರಬದಿಯಲ್ಲಿ ತೆರೆದ ಜಿಪ್ ಇದ್ದರೆ ರಸ್ತೆಗೆ ಮೊದಲು ತಾಗಿ ಸವೆಯುವುದು ಅದರ ಹಲ್ಲುಗಳೇ, ಹಲ್ಲು ಹೋದರೆ ಬೂಟು ಬಾಯಿ ಬಿಟ್ಟಂತೆ.

ಲೇಸಿನ ಬಗ್ಗೆ ಒಂದು ಮಾತು. ಲೇಸ್ ಪಾದದ ಆಕಾರಕ್ಕೆ ತಕ್ಕಂತೆ ಬಿಗಿಯುತ್ತದೆ, ಆ ಮಟ್ಟಿಗೆ ಒಳ್ಳೆಯದೇ. ಅಪಾಯ ಇರುವುದು ಅದರ ಕುಣಿಕೆಯಲ್ಲಿ. ಕುಣಿಕೆ ಗೇರ್ ಲಿವರಿಗೋ ಫುಟ್‌ರೆಸ್ಟಿನ ತುದಿಗೋ ಸಿಕ್ಕಿಕೊಂಡದ್ದು ಓಡುವಾಗ ಗೊತ್ತಾಗುವುದಿಲ್ಲ, ಬೈಕ್ ನಿಲ್ಲಿಸಿ ಕಾಲು ಕೆಳಗಿಡಲು ಹೋದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಬೈಕ್ ವಾಲಿಯಾಗಿರುತ್ತದೆ. ಲೇಸಿನ ಬೂಟೇ ಇಷ್ಟವಾದರೆ ಕುಣಿಕೆಯನ್ನು ಒಳಗೆ ತುರುಕಲು ಜೇಬೋ ಇಲಾಸ್ಟಿಕ್ ಪಟ್ಟಿಯೋ ಇರುವಂಥದ್ದನ್ನು ಆರಿಸಿ, ಲೇಸಿನ ಮೇಲೆ ವೆಲ್ಕ್ರೋ ಪಟ್ಟಿ ಬರುವ ಮಾದರಿಗಳೂ ಇವೆ. ಇಲ್ಲದಿದ್ದರೆ ಕುಣಿಕೆಯನ್ನು ಅಡ್ಡ ಹೆಣಿಗೆಗಳ ಕೆಳಗೆ ಎರಡು ಸಲ ಸಿಕ್ಕಿಸಿ, ಹೊರಡುವ ಮೊದಲು ಪ್ರತಿ ಸಲ ನೋಡಿಕೊಳ್ಳಿ.

ಕೈಯಲ್ಲಿ ನೋಡಿದ್ದನ್ನು ಲೇಬಲ್‌ನಲ್ಲೂ ನೋಡಬೇಕು. ಬೈಕ್ ಸವಾರರ ಬೂಟಿಗೆಂದೇ ಯುರೋಪಿನಲ್ಲಿ ಒಂದು ಮಾನದಂಡ ಇದೆ, ಇಎನ್ 13634. ಅದಕ್ಕೆ ಒಳಪಟ್ಟ ಬೂಟಿನ ನಾಲಿಗೆಯ ಒಳಗೋ ಅಂಚಿನಲ್ಲೋ ಹೊಲಿದ ಚೀಟಿಯ ಮೇಲೆ ಬೈಕ್ ಸವಾರನ ಸಣ್ಣ ಚಿತ್ರ, ಈ ಸಂಖ್ಯೆ, ಅದರ ಕೆಳಗೆ ನಾಲ್ಕು ಅಂಕಿಗಳು ಇರುತ್ತವೆ. ಪ್ರತಿ ಅಂಕಿಯೂ 1 ಅಥವಾ 2. ಮೊದಲನೆಯದು ಬೂಟಿನ ಎತ್ತರ. ಎರಡನೆಯದು ಉಜ್ಜು ತಾಳುವ ಶಕ್ತಿ: ಓಡುವ ಒರಟು ಪಟ್ಟಿಗೆ ಬೂಟಿನ ತುಂಡನ್ನು ಒತ್ತಿ ಹಿಡಿದರೆ, ಹೆಚ್ಚು ಅಪಾಯದ ಭಾಗದಲ್ಲಿ ತೂತು ಬೀಳಲು 1ನೇ ಹಂತಕ್ಕೆ ಕನಿಷ್ಠ 5 ಸೆಕೆಂಡ್, 2ನೇ ಹಂತಕ್ಕೆ 12 ಸೆಕೆಂಡ್ ಹಿಡಿಯಬೇಕು. ಮೂರನೆಯದು ಕೊಯ್ತ: ಮೇಲಿನಿಂದ ಬಂದು ಬಡಿದ ಅಲಗು 1ನೇ ಹಂತದಲ್ಲಿ 25 ಮಿ.ಮೀ., 2ನೇ ಹಂತದಲ್ಲಿ 15 ಮಿ.ಮೀ. ಮೀರಿ ಒಳಹೊಗಬಾರದು.

ನಾಲ್ಕನೆಯ ಅಂಕಿ ಮೇಲೆ ಹೇಳಿದ ಅದುಮುವ ಪರೀಕ್ಷೆಯದೇ ಯಂತ್ರರೂಪ. ಸೋಲನ್ನು ಅಡ್ಡಕ್ಕೆ 20 ಮಿ.ಮೀ. ಕುಗ್ಗಿಸಲು 1ನೇ ಹಂತದಲ್ಲಿ ಕನಿಷ್ಠ 1 ಕಿಲೋನ್ಯೂಟನ್, 2ನೇ ಹಂತದಲ್ಲಿ 1.5 ಕಿಲೋನ್ಯೂಟನ್ ಬಲ ಬೇಕಾಗಬೇಕು. ತೂಕದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 102 ಕಿಲೋ ಮತ್ತು 153 ಕಿಲೋ. ಬಹಳಷ್ಟು ಬೈಕುಗಳು 150 ಕಿಲೋಗೂ ಹೆಚ್ಚು ತೂಗುತ್ತವೆ. ಮಲಗಿದ ಬೈಕಿನ ಪೂರ್ತಿ ಭಾರ ಪಾದದ ಮೇಲೆ ಬೀಳುವುದಿಲ್ಲ, ಹ್ಯಾಂಡಲ್ಲೂ ಫುಟ್‌ರೆಸ್ಟೂ ಪಾಲು ಹೊರುತ್ತವೆ. ಆದರೆ ಬೀಳುವ ರಭಸಕ್ಕೆ ಕ್ಷಣಕಾಲ ಆ ಭಾರ ಹಲವು ಪಟ್ಟು ಆಗಬಹುದು. ನಾಲ್ಕು ಅಂಕಿಗಳಲ್ಲಿ ಒಂದಕ್ಕೆ ಮಾತ್ರ 2 ಸಿಗುವುದಾದರೆ ನನ್ನ ಆಯ್ಕೆ ಈ ಕೊನೆಯದೇ.

ಈ ಚೀಟಿಯಲ್ಲಿ ಇಲ್ಲದಿರುವುದೂ ಅಷ್ಟೇ ಮುಖ್ಯ. ಪಾದದ ಗಂಟಿನ ಬಡಿತದ ಪರೀಕ್ಷೆ ಈ ನಾಲ್ಕರಲ್ಲಿ ಬರುವುದಿಲ್ಲ, ಅದು ತಯಾರಕರ ಇಚ್ಛೆಗೆ ಬಿಟ್ಟದ್ದು. ಅದನ್ನು ಮಾಡಿಸಿ ಪಾಸಾಗಿದ್ದರೆ ಐಪಿಎ ಎಂಬ ಗುರುತು ಇರುತ್ತದೆ, ಕಣಕಾಲಿನ, ಅಂದರೆ ಗಂಟಿಗೂ ಮೊಣಕಾಲಿಗೂ ನಡುವಿನ ಕಾಲಿನ, ಮುಂಭಾಗಕ್ಕಾದರೆ ಐಪಿಎಸ್. ನೀರು ತಡೆಗೆ ಡಬ್ಲ್ಯುಆರ್, ಎಣ್ಣೆ ಪೆಟ್ರೋಲಿಗೆ ಹಾಳಾಗದ ಸೋಲಿಗೆ ಎಫ್‌ಓ, ಜಾರದಿರುವುದಕ್ಕೆ ಎಸ್‌ಆರ್‌ಎ, ಎಸ್‌ಆರ್‌ಬಿ, ಎಸ್‌ಆರ್‌ಸಿ. ಅಂದರೆ ನಾಲ್ಕೂ ಅಂಕಿ 2 ಇರುವ ಬೂಟಿನಲ್ಲೂ ಗಂಟಿನ ಬಟ್ಟಲು ಪರೀಕ್ಷೆಯಾಗದೆ ಇರಬಹುದು. ಹಾಗೆಯೇ ಡಬ್ಬಿಯ ಮೇಲೆ 'ಸಿಇ ಪ್ರಮಾಣಿತ' (ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಎಂಬ ಗುರುತು) ಎಂದಷ್ಟೇ ಬರೆದಿದ್ದರೆ ಏನು ಪ್ರಮಾಣಿತ ಎಂದು ಕೇಳಿ. ಕೆಲವೊಮ್ಮೆ ಒಳಗೆ ಇಟ್ಟ ಬಿಲ್ಲೆಗಷ್ಟೇ ಪ್ರಮಾಣಪತ್ರವಿರುತ್ತದೆ, ಬೂಟಿಗಲ್ಲ. ಕೆಲವೊಮ್ಮೆ ಕಾರ್ಖಾನೆ ಕೆಲಸದ ಬೂಟಿನ ಮಾನದಂಡ ಇರುತ್ತದೆ, ಅದು ಇಎನ್ ಐಎಸ್‌ಓ 20345.

ಆ ಕಾರ್ಖಾನೆ ಬೂಟಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಬೆರಳುಗಳ ಮೇಲೆ ಉಕ್ಕಿನ ಟೋಪಿ ಇರುವ ಸೇಫ್ಟಿ ಶೂ ಹಾಕಿಕೊಂಡು ಓಡಿಸುವವರು ಬಹಳ. ಬರಿಗಾಲಿಗಿಂತ, ಚಪ್ಪಲಿಗಿಂತ, ಬಲೆಬಟ್ಟೆಯ ಶೂವಿಗಿಂತ ಅದು ಎಷ್ಟೋ ಮೇಲು. ಅದರ ಟೋಪಿ 200 ಜೂಲ್ ಬಡಿತ ತಾಳುವಂತೆ ಮಾಡಿದ್ದು. ಆದರೆ ಅದರ ಲೆಕ್ಕಾಚಾರವೇ ಬೇರೆ: ಮೇಲಿನಿಂದ ಬೆರಳಿನ ಮೇಲೆ ಬೀಳುವ ವಸ್ತು. ಬೈಕ್ ಬಿದ್ದಾಗ ಪೆಟ್ಟು ಬರುವುದು ಪಕ್ಕದಿಂದ, ಗಂಟಿಗೆ. ಅಲ್ಲಿ ಸಾಮಾನ್ಯ ಸೇಫ್ಟಿ ಶೂವಿನಲ್ಲಿ ಏನೂ ಇರುವುದಿಲ್ಲ. ಜೊತೆಗೆ ಅದರ ಮುಂತುದಿ ದಪ್ಪವಾಗಿರುವುದರಿಂದ ಗೇರ್ ಲಿವರಿನ ಕೆಳಗೆ ಸಲೀಸಾಗಿ ಹೋಗುವುದಿಲ್ಲ, ಚರ್ಮ ಸವೆದು ಉಕ್ಕು ಹೊರಗೆ ಬಂದರೆ ಲೋಹದ ಮೇಲೆ ಜಾರುತ್ತದೆ. ಉಕ್ಕಿನ ಟೋಪಿ ಮಡಚಿಕೊಂಡು ಬೆರಳನ್ನೇ ಕತ್ತರಿಸುತ್ತದೆ ಎಂಬ ಭಯ ಜನರಲ್ಲಿದೆ. ಟೋಪಿ ಮಡಚುವಷ್ಟು ಬಲ ಬಿದ್ದರೆ ಟೋಪಿ ಇಲ್ಲದ ಬೆರಳಿನ ಗತಿ ಅದಕ್ಕಿಂತ ಕೆಟ್ಟದ್ದೇ ಆಗುತ್ತದೆ, ಆದ್ದರಿಂದ ಆ ಕಾರಣಕ್ಕೆ ಅದನ್ನು ಬಿಡಬೇಕಿಲ್ಲ. ಚಾರಣದ ಬೂಟು ಗಂಟನ್ನು ಬಟ್ಟೆಯಿಂದ ಅಪ್ಪಿ ಹಿಡಿಯುತ್ತದೆ, ಉಳುಕು ಕಡಿಮೆ ಮಾಡುತ್ತದೆ, ಆದರೆ ಅದರಲ್ಲೂ ಚಿಪ್ಪಿಲ್ಲ. ಅದರ ಆಳ ಹಲ್ಲಿನ ಸೋಲ್ ಫುಟ್‌ರೆಸ್ಟಿನ ಮೇಲೆ ಪಾದವನ್ನು ಬೇಗ ಬೇಗ ಸರಿಸಲು ಬಿಡುವುದಿಲ್ಲ.

ಅಳತೆಗೆ ಬರೋಣ. ಯುರೋಪಿನ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ 6.67 ಮಿ.ಮೀ. ಅಂತರ, ಬ್ರಿಟಿಷ್ ಅಳತೆಯಲ್ಲಿ 8.47 ಮಿ.ಮೀ. ಎರಡೂ ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ, ಹಾಗಾಗಿ ಪರಿವರ್ತನೆಯ ಪಟ್ಟಿಗಳಲ್ಲಿ ಅರ್ಧ ಸಂಖ್ಯೆ ಆಚೀಚೆ ಆಗುತ್ತಲೇ ಇರುತ್ತದೆ. ನಂಬಬೇಕಾದದ್ದು ಮಿಲಿಮೀಟರನ್ನು. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ ಅಳೆಯಿರಿ. ಕುಳಿತಲ್ಲ, ನಿಂತೇ, ಯಾಕೆಂದರೆ ಭಾರ ಬಿದ್ದಾಗ ಪಾದ ಉದ್ದವಾಗುತ್ತದೆ. ಸಂಜೆ ಅಳೆಯಿರಿ, ದಿನದ ಕೊನೆಗೆ ಪಾದ ಊದಿರುತ್ತದೆ. ಎರಡೂ ಪಾದ ಅಳೆದು ದೊಡ್ಡದನ್ನು ಲೆಕ್ಕಕ್ಕಿಡಿ. ಸವಾರಿಗೆ ಹಾಕುವ ಸಾಕ್ಸ್ ಹಾಕಿಕೊಂಡೇ ಬೂಟು ಹಾಕಿ ನೋಡಿ.

ಬೆರಳ ಮುಂದೆ ಸುಮಾರು 10 ಮಿ.ಮೀ. ಜಾಗ ಇರಲಿ. ನಡೆಯುವಾಗ ಹಿಮ್ಮಡಿ ಒಂದಿಷ್ಟು ಎದ್ದರೆ ತೊಂದರೆಯಿಲ್ಲ, ಹೊಸ ಬೂಟಿನ ಸೋಲ್ ಗಡುಸಾಗಿರುವುದರಿಂದ ಹಾಗಾಗುತ್ತದೆ. ಪಚಪಚ ಎಂದು ಎದ್ದರೆ ಒಂದು ಸಂಖ್ಯೆ ಇಳಿಯಿರಿ. ಚರ್ಮ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದಿಲ್ಲ. ಪಾದದ ಪಕ್ಕ ಸ್ವಲ್ಪ ಒತ್ತುತ್ತಿದ್ದರೆ ದಿನ ಕಳೆದಂತೆ ಸರಿಹೋಗಬಹುದು, ಬೆರಳ ತುದಿ ತಾಗುತ್ತಿದ್ದರೆ ಎಂದಿಗೂ ಸರಿಹೋಗುವುದಿಲ್ಲ. ಹದಿನೈದು ನಿಮಿಷ ಹಾಕಿಕೊಂಡು ಓಡಾಡಿ, ಮೆಟ್ಟಿಲು ಹತ್ತಿ ಇಳಿಯಿರಿ, ಕುಕ್ಕರುಗಾಲಲ್ಲಿ ಕೂತು ಏಳಿ. ಮೀನಖಂಡ ದಪ್ಪಗಿರುವವರು ಎತ್ತರದ ಬೂಟಿನ ಜಿಪ್ಪನ್ನು ಕುಳಿತು ಹಾಕಿ ನೋಡಿದರೆ ಸಾಲದು, ನಿಂತಾಗ ಸ್ನಾಯು ಬಿಗಿದು ಅಲ್ಲಿ ಹರಿಯುವಷ್ಟು ಎಳೆತ ಬರುತ್ತದೆ.

ಇಷ್ಟಾದರೂ ಮುಖ್ಯ ಪರೀಕ್ಷೆ ಬಾಕಿ ಇದೆ. ಬೈಕಿನ ಮೇಲೆ ಕುಳಿತು ನೋಡಬೇಕು. ಗೇರ್ ಲಿವರಿನ ಕೆಳಗೆ ಬೂಟಿನ ಮೂಗು ಸಲೀಸಾಗಿ ಹೋಗುತ್ತದೆಯೇ? ಮೇಲಕ್ಕೆ ಎತ್ತುವಾಗ ಬೂಟಿನ ಕುತ್ತಿಗೆ ಕಣಕಾಲಿಗೆ ಒತ್ತುತ್ತದೆಯೇ? ಬ್ರೇಕ್ ಮೇಲೆ ಪಾದ ಇಟ್ಟುಕೊಂಡರೆ ಗೊತ್ತಿಲ್ಲದೆ ಬ್ರೇಕ್ ಒತ್ತಿರುತ್ತದೆಯೇ? ಕೊನೆಯದನ್ನು ಹಿಂದಿನ ಬ್ರೇಕ್ ಲೈಟ್ ನೋಡಲು ಇನ್ನೊಬ್ಬರನ್ನು ನಿಲ್ಲಿಸಿಕೊಂಡು ಖಚಿತ ಮಾಡಿಕೊಳ್ಳಿ.

ಲಿವರ್ ಕೆಳಗಾಯಿತೆಂದು ಬೂಟನ್ನು ತಿರಸ್ಕರಿಸಬೇಕಿಲ್ಲ, ಲಿವರನ್ನೇ ಎತ್ತರಿಸಬಹುದು. ಉದ್ದ ಕಡ್ಡಿಯ ಮೂಲಕ ಗೇರಿಗೆ ಜೋಡಿಸಿದ ಲಿವರಾದರೆ ಕಡ್ಡಿಯ ಎರಡೂ ತುದಿಯ ಲಾಕ್ ನಟ್ ಸಡಿಲಿಸಿ, ಕಡ್ಡಿಯನ್ನು ಅರ್ಧ ಸುತ್ತಿನಂತೆ ತಿರುಗಿಸಿ ನೋಡಿ. ಸಾಮಾನ್ಯವಾಗಿ ಒಂದು ತುದಿಯ ಥ್ರೆಡ್ ಎಡಸುತ್ತಿನದು, ಆ ನಟ್ ಸಡಿಲವಾಗುವುದು ಉಲ್ಟಾ ದಿಕ್ಕಿನಲ್ಲಿ. ಇದು ತಿಳಿಯದೆ ಬಲ ಹಾಕಿದರೆ ನಟ್‌ನ ಮೂಲೆಗಳು ಸವೆದುಹೋಗುತ್ತವೆ. ಎರಡೂ ತುದಿಯಲ್ಲಿ ಥ್ರೆಡ್ ಸಾಕಷ್ಟು ಒಳಗೆ ಉಳಿದಿರಬೇಕು. ಲಿವರ್ ನೇರವಾಗಿ ಹಲ್ಲಿನ ಶಾಫ್ಟಿನ ಮೇಲೆ ಕೂತಿದ್ದರೆ, ಮೊದಲು ಶಾಫ್ಟಿಗೂ ಲಿವರಿಗೂ ಬಣ್ಣದ ಗೆರೆ ಎಳೆದು, ಬಿಗಿಯುವ ಬೋಲ್ಟನ್ನು ಪೂರ್ತಿ ಹೊರಗೆ ತೆಗೆಯಿರಿ. ಬರೀ ಸಡಿಲಿಸಿದರೆ ಲಿವರ್ ಬರುವುದಿಲ್ಲ, ಬೋಲ್ಟ್ ಸಾಮಾನ್ಯವಾಗಿ ಶಾಫ್ಟಿನ ತೋಡಿನೊಳಗೆ ಹಾದುಹೋಗಿರುತ್ತದೆ. ಒಂದು ಹಲ್ಲು ಮಾತ್ರ ಮೇಲಕ್ಕೆ ಸರಿಸಿ ಕೂರಿಸಿ. ಮುಂದೆ ಹಿಂದೆ ಎರಡೂ ಕಡೆ ಒತ್ತುವ ಲಿವರಿದ್ದರೆ ಮುಂದಿನದು ಎದ್ದಷ್ಟೂ ಹಿಂದಿನದು ಇಳಿಯುತ್ತದೆ, ದೊಡ್ಡ ಬೂಟು ಎರಡರ ನಡುವೆ ಸಿಕ್ಕಿಕೊಳ್ಳುತ್ತದೆಯೇ ಎಂದೂ ನೋಡಿ.

ಬ್ರೇಕ್ ಪೆಡಲಿನಲ್ಲಿ ಹೆಚ್ಚು ಎಚ್ಚರ ಬೇಕು. ಡ್ರಮ್ ಬ್ರೇಕಿಗೆ ಪೆಡಲಿನ ತುದಿಯಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಖಾಲಿ ಆಟ ಇರಬೇಕು, ಸರಿಯಾದ ಅಂಕಿ ಬೈಕಿನ ಕೈಪಿಡಿಯಲ್ಲಿರುತ್ತದೆ. ಡಿಸ್ಕ್ ಬ್ರೇಕಿನಲ್ಲಿ ತಳ್ಳುವ ಕಡ್ಡಿಗೆ ಸ್ವಲ್ಪವೂ ಆಟ ಉಳಿಯದಂತೆ ಬಿಗಿದರೆ ಬ್ರೇಕ್ ಪೂರ್ತಿ ಬಿಡುವುದೇ ಇಲ್ಲ. ಓಡುತ್ತ ಬಿಸಿಯಾಗಿ, ಎಣ್ಣೆ ಹಿಗ್ಗಿ, ಚಕ್ರ ತಾನಾಗಿ ಹಿಡಿದುಕೊಳ್ಳಬಹುದು. ಹೊಂದಿಸಿದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ, ಬ್ರೇಕ್ ಲೈಟಿನ ಸ್ವಿಚ್ಚನ್ನೂ ಹೊಂದಿಸಿ. ಪೆಡಲ್ ಬದಲಾದರೆ ಲೈಟ್ ಹತ್ತುವ ಜಾಗವೂ ಬದಲಾಗಿರುತ್ತದೆ. ಈ ಕೆಲಸ ಅಭ್ಯಾಸವಿಲ್ಲದಿದ್ದರೆ ಮೆಕ್ಯಾನಿಕ್‌ಗೆ ಬಿಡಿ.

ಹೊಸ ಬೂಟಿನಲ್ಲಿ ಮೊದಲ ಕೆಲವು ದಿನ ಪಾದ ಕಿವುಡಾದ ಹಾಗಿರುತ್ತದೆ. ಗೇರ್ ಬಿತ್ತೋ ಇಲ್ಲವೋ, ಬ್ರೇಕ್ ಎಷ್ಟು ಒತ್ತಿದೆನೋ ತಿಳಿಯುವುದಿಲ್ಲ. ಗದ್ದಲದ ರಸ್ತೆಗೆ ಹೋಗುವ ಮೊದಲು ಖಾಲಿ ಜಾಗದಲ್ಲಿ ಐವತ್ತು ಸಲವಾದರೂ ಗೇರ್ ಹಾಕಿ ಇಳಿಸಿ, ಹಿಂದಿನ ಬ್ರೇಕನ್ನು ಹದವಾಗಿ ಒತ್ತಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಮನೆಯೊಳಗೆ ದಿನಕ್ಕೆ ಅರ್ಧ ಗಂಟೆ ಹಾಕಿಕೊಂಡು ಓಡಾಡಿದರೆ ಮಡಚುವ ಜಾಗಗಳು ಬೇಗ ಪಳಗುತ್ತವೆ. ನೀರಿನಲ್ಲಿ ನೆನೆಸಿ ಪಳಗಿಸುವುದು ಬೇಡ, ಚರ್ಮದ ಎಣ್ಣೆಯಂಶ ಹೋಗಿ ಬಿರಿಯುತ್ತದೆ.

ಯಾವ ಜಾತಿಯ ಬೂಟು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ರೇಸಿನ ಬೂಟಿನಲ್ಲಿ ತಿರುಚು ತಡೆಯುವ ಹೊರಗಿನ ತಿರುಗಣಿ ಇರುತ್ತದೆ, ಪಾದಕ್ಕೆ ಅಂಟಿದಂತೆ ಕೂರುತ್ತದೆ, ಆದರೆ ಅದರಲ್ಲಿ ನಡೆಯುವುದು ಕಷ್ಟ. ಮಣ್ಣುಹಾದಿಯ ಮೋಟೋಕ್ರಾಸ್ ಬೂಟು ಜಜ್ಜು ಬಡಿತಕ್ಕೆ ಎಲ್ಲಕ್ಕಿಂತ ಗಟ್ಟಿ, ಅದರಲ್ಲಿ ಗೇರಿನ ಸ್ಪರ್ಶವೇ ಸಿಗುವುದಿಲ್ಲ. ಟೂರಿಂಗ್ ಬೂಟು ಇವೆರಡರ ನಡುವೆ, ದಿನಗಟ್ಟಲೆ ಹಾಕಿಕೊಂಡಿರಬಹುದು. ಗಂಟು ಮುಚ್ಚುವಷ್ಟೇ ಎತ್ತರದ ಸವಾರಿ ಶೂ ಕಣಕಾಲನ್ನು ಬಿಟ್ಟುಬಿಡುತ್ತದೆ, ಆದರೆ ಅದನ್ನು ಹಾಕಿಕೊಂಡು ಕಚೇರಿಯಲ್ಲಿ ಇಡೀ ದಿನ ಕಳೆಯಬಹುದು. ದಿನದ ಓಡಾಟವೆಲ್ಲ ಚಿಕ್ಕ ದೂರದ್ದಾಗಿರುವವರಿಗೆ, ಗಂಟಿನ ಬಟ್ಟಲು ಇರುವ, ಐಪಿಎ ಗುರುತಿನ, ನಾಲ್ಕನೇ ಅಂಕಿ 2 ಇರುವ ಗಿಡ್ಡ ಶೂವನ್ನೇ ಮೊದಲು ಕೊಳ್ಳಿ ಎನ್ನುತ್ತೇನೆ. ಎತ್ತರದ ಬೂಟು ಕೊಂಡು, ಸೆಕೆಗೆ ಬೇಸತ್ತು, ವಾರದಲ್ಲಿ ಆರು ದಿನ ಚಪ್ಪಲಿಯಲ್ಲಿ ಓಡಿಸುವುದಾದರೆ ಆ ಬೂಟು ಯಾರನ್ನೂ ಕಾಯುವುದಿಲ್ಲ. ದೂರದ ಪಯಣಕ್ಕೆ, ಹೆದ್ದಾರಿಯ ವೇಗಕ್ಕೆ ಮಾತ್ರ ಕಣಕಾಲು ಮುಚ್ಚುವ ಎತ್ತರವನ್ನು ಬಿಟ್ಟುಕೊಡಬೇಡಿ. ಪ್ಯಾಂಟಿನ ಮೊಣಕಾಲು ರಕ್ಷಕದ ಕೆಳತುದಿಗೂ ಬೂಟಿನ ಮೇಲಂಚಿಗೂ ನಡುವೆ ಬರಿ ಕಾಲು ಉಳಿಯಬಾರದು.

ನೀರು ತಡೆಯುವ ಬೂಟಿನ ಒಳಗೆ ತೆಳು ಪೊರೆಯೊಂದು ಇರುತ್ತದೆ. ಬೆವರಿನ ಹಬೆಯನ್ನು ಹೊರಗೆ ಬಿಟ್ಟು ನೀರನ್ನು ತಡೆಯುವುದು ಅದರ ಕೆಲಸ. ಹಬೆ ಹೊರಗೆ ಹೋಗಬೇಕಾದರೆ ಒಳಗೆ ಬಿಸಿ ತೇವ, ಹೊರಗೆ ತಂಪು ಒಣಹವೆ ಇರಬೇಕು. ಸೆಕೆಯಲ್ಲಿ, ಆರ್ದ್ರ ಹವೆಯಲ್ಲಿ ಈ ವ್ಯತ್ಯಾಸವೇ ಇಲ್ಲದ್ದರಿಂದ ಪಾದ ಬೆವರಿನಲ್ಲೇ ನೆನೆಯುತ್ತದೆ. ಮಳೆಯಲ್ಲಿ ನೀರು ಬಹುತೇಕ ಬರುವುದು ಚರ್ಮದ ಮೂಲಕವಲ್ಲ, ಮೇಲಿನ ಬಾಯಿಯಿಂದ. ಮಳೆಪ್ಯಾಂಟನ್ನು ಬೂಟಿನೊಳಗೆ ತುರುಕಿದರೆ ಪ್ಯಾಂಟಿನ ಮೇಲೆ ಹರಿದ ನೀರೆಲ್ಲ ನೇರ ಒಳಗೆ. ಪ್ಯಾಂಟ್ ಯಾವಾಗಲೂ ಬೂಟಿನ ಹೊರಗಿರಲಿ. ನೆನೆದ ಬೂಟಿನ ಇನ್‌ಸೋಲ್ ತೆಗೆದು, ಒಳಗೆ ಹಳೆಯ ಪತ್ರಿಕೆ ತುಂಬಿ, ಒದ್ದೆಯಾದಂತೆಲ್ಲ ಬದಲಿಸುತ್ತ ನೆರಳಿನಲ್ಲಿ ಒಣಗಿಸಿ. ಒಲೆಯ ಪಕ್ಕ, ಹೀಟರ್ ಮುಂದೆ, ಬಿರುಬಿಸಿಲಲ್ಲಿ ಇಟ್ಟರೆ ಚರ್ಮ ಮುದುಡುತ್ತದೆ, ಸೋಲಿನ ಅಂಟು ಬಿಡುತ್ತದೆ.

ಹಿಂದೆ ಕೂರುವವರ ಪಾದವನ್ನು ಈ ಮಾತಿನಲ್ಲಿ ಬಿಡುವ ಹಾಗಿಲ್ಲ. ಅವರ ಫುಟ್‌ರೆಸ್ಟ್ ಇರುವುದು ಚೈನು, ಚಕ್ರದ ಕಡ್ಡಿ, ಸೈಲೆನ್ಸರ್ ಇವುಗಳ ಪಕ್ಕದಲ್ಲೇ. ಅವರಿಗೆ ಗೇರಿಲ್ಲ, ಬ್ರೇಕಿಲ್ಲ, ಹಾಗಾಗಿ ಮೆತ್ತನೆಯ ಸ್ಪರ್ಶ ಬೇಕಿಲ್ಲ. ಬೇಕಾದದ್ದು ಹಿಮ್ಮಡಿ ಮುಚ್ಚುವ ಗಟ್ಟಿ ಬಟ್ಟಲು, ಜೋತಾಡದ ಲೇಸು, ಬಿಸಿ ಸೈಲೆನ್ಸರಿಗೆ ಕರಗದ ಸೋಲು. ಹಿಮ್ಮಡಿ ಒಳಕ್ಕೆ ಜಾರಿ ಕಡ್ಡಿಗೆ ಸಿಕ್ಕಿದರೆ ಆಗುವ ಗಾಯ ಸವಾರನ ಗಾಯಕ್ಕಿಂತ ಕಡಿಮೆಯದಲ್ಲ.

ಬೂಟಿನ ಆಯುಸ್ಸನ್ನು ಚರ್ಮದಿಂದ ಅಳೆಯುವುದು ವಾಡಿಕೆ, ಮೊದಲು ಸಾಯುವುದು ಹಲವು ಸಲ ಸೋಲು. ಮೆತ್ತನೆಯ ಪಾಲಿಯುರಿಥೇನ್ ನಡುಪದರವಿರುವ ಸೋಲ್ ಹವೆಯ ತೇವ ಹೀರಿಕೊಂಡು ವರ್ಷಗಳ ನಂತರ ಒಳಗೊಳಗೇ ಒಡೆಯುತ್ತದೆ. ಬಳಸದೆ ಡಬ್ಬಿಯಲ್ಲಿ ಮುಚ್ಚಿಟ್ಟ ಬೂಟಿಗೂ ಹೀಗಾಗುತ್ತದೆ. ಮೇಲೆ ಹೊಸದರಂತೆ ಹೊಳೆಯುತ್ತಿದ್ದರೂ ಹಾಕಿ ನಡೆದರೆ ಪುಡಿಪುಡಿಯಾಗಿ ಉದುರುತ್ತದೆ. ಹಳೆಯ ಬೂಟು ಕೊಳ್ಳುವಾಗ ಸೋಲಿನ ಬದಿಯನ್ನು ಉಗುರಲ್ಲಿ ಒತ್ತಿ ನೋಡಿ. ಉಗುರಿನ ಗುರುತು ಹಾಗೇ ಉಳಿದರೆ, ಅಂಟಂಟಾಗಿದ್ದರೆ, ಸಣ್ಣ ಬಿರುಕು ಕಂಡರೆ ಬೇಡ. ತೊಳೆದು ಒಣಗಿದ ಚರ್ಮಕ್ಕೆ ಎರಡು ಮೂರು ತಿಂಗಳಿಗೊಮ್ಮೆ ತೆಳ್ಳಗೆ ಕಂಡೀಷನರ್ ಸವರಿ, ಮುದ್ದೆಯಾಗಿ ಹಚ್ಚಿದರೆ ಚರ್ಮ ಮೆತ್ತಗಾಗಿ ಜೋಲುತ್ತದೆ. ಜಿಪ್ಪಿನ ಹಲ್ಲಿಗೆ ಮೇಣದಬತ್ತಿ ಉಜ್ಜಿ. ವೆಲ್ಕ್ರೋದಲ್ಲಿ ಸಿಕ್ಕ ನೂಲು ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ, ಅದು ತುಂಬಿಕೊಂಡ ವೆಲ್ಕ್ರೋ ಹಿಡಿದಂತೆ ಕಂಡರೂ ಬಿಗಿ ಇರುವುದಿಲ್ಲ. ಬಕಲ್ಲಿನ ಸ್ಕ್ರೂಗಳು ಕಂಪನಕ್ಕೆ ಸಡಿಲವಾಗುತ್ತವೆ, ತಿಂಗಳಿಗೊಮ್ಮೆ ಬಿಗಿಯಿರಿ.

ಬಿದ್ದ ಮೇಲೆ ಬೂಟನ್ನು ಬೆಳಕಿನಲ್ಲಿ ಪೂರ್ತಿ ನೋಡಬೇಕು. ಗಂಟಿನ ಚಿಪ್ಪಿನಲ್ಲಿ ಕೂದಲೆಳೆಯ ಬಿರುಕು, ಸೋಲಿನ ಅಂಚಿನಲ್ಲಿ ಬಾಯಿ, ಹಿಮ್ಮಡಿ ಬಟ್ಟಲು ಒತ್ತಿದರೆ ಟಕ್ ಎನ್ನುವ ಸದ್ದು, ತಿರುಚಿದಾಗ ಮೊದಲಿಗಿಂತ ಸಡಿಲ, ಇವುಗಳಲ್ಲಿ ಒಂದಿದ್ದರೂ ಆ ಜೋಡಿಯನ್ನು ಮತ್ತೆ ಸವಾರಿಗೆ ಬಳಸಬೇಡಿ. ಚರ್ಮದ ಮೇಲಿನ ಗೀರು ಮಾತ್ರವಾದರೆ ಚಿಂತೆಯಿಲ್ಲ. ಕಾಲಿಗೆ ಪೆಟ್ಟಾಗಿ, ಪಾದ ವಾರೆಯಾಗಿ ಕಂಡರೆ ಅಥವಾ ಭಾರ ಹಾಕಲಾಗದಿದ್ದರೆ, ಬೂಟನ್ನು ಅಲ್ಲೇ ಎಳೆದು ತೆಗೆಯಲು ಹೋಗಬೇಡಿ. ಬಿಗಿದ ಬೂಟು ಆ ಹೊತ್ತಿಗೆ ಮುರಿದ ಮೂಳೆಯನ್ನು ಅಲುಗದಂತೆ ಹಿಡಿದಿರಬಹುದು. ರಕ್ತ ಸುರಿಯುತ್ತಿದ್ದು ಅದನ್ನು ತಡೆಯಲೇಬೇಕಾದರೆ ಮಾತ್ರ ತೆರೆಯಬೇಕಾಗುತ್ತದೆ. ಆಗಲೂ ಎಳೆಯುವುದು ಬೇಡ. ಬಕಲ್, ಪಟ್ಟಿ, ಜಿಪ್ ಒಂದೊಂದಾಗಿ ಬಿಡಿಸಿ ಬಾಯನ್ನು ಅಗಲಿಸಿ, ಅಗತ್ಯವಿದ್ದರೆ ಚರ್ಮವನ್ನು ಕತ್ತರಿಸಿ. ಉಳಿದದ್ದನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ.